ಊಟದ ನಂತರದ ತಾಸು

ನಮ್ಮೂರಿನಲ್ಲಿ ಮಾತಾಡಿದರೆ ಗಾಜು ಮಂಜಾಗುತ್ತದೆ. ಚಳಿಯಿರಲಿ, ಬಿಸಿಲಿರಲಿ, ಒಳಗಿನಿಂದ ಬಂದ ಮಾತಾದರೆ ಎದುರಿನ ಗಾಜಿಗೆ ಹತ್ತಿಕೊಳ್ಳುತ್ತದೆ. ಕಲಿತು ಆಡಿದ ಮಾತಾದರೆ ಗಾಜು ತೊಳೆದಿಟ್ಟ ಹಾಗೇ ಇರುತ್ತದೆ. ಇದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಕನ್ನಡಕದವರು ಮಾತಿನ ನಡುವೆ ಒರೆಸಿಕೊಳ್ಳುತ್ತಾರೆ, ಅಷ್ಟೇ. ಬಸ್ಸಿನ ಡ್ರೈವರನ ಜೊತೆ ಮಾತಾಡಬಾರದು ಎಂದು ಬೋರ್ಡು ಹಾಕಿದ್ದಾರೆ, ಆದರೆ ಆ ಪುಣ್ಯಾತ್ಮ ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡು ಆಗಾಗ ಯಾವುದಾದರೂ ಕಂಬಕ್ಕೆ ಬಸ್ಸು ತಾಗಿಸುತ್ತಾನೆ. ಹೊಸದಾಗಿ ಮದುವೆಯಾದವರ ಮನೆಯ ಕಿಟಕಿ ಮಧ್ಯಾಹ್ನದವರೆಗೂ ಬೆಳ್ಳಗಿರುತ್ತದೆ, ಜಗಳವಾಡಿದವರ ಮನೆಯದೂ ಹಾಗೇ ಇರುತ್ತದೆ. ದಾರಿಯಲ್ಲಿ ಹೋಗುವವರು ಯಾವುದು ಯಾವುದು ಎಂದು ವಿಚಾರಿಸಲು ಹೋಗುವುದಿಲ್ಲ.

ಊರಿನ ಮಾತು ಇಂಗ್ಲಿಷು, ನಮ್ಮನೆಯದು ಕನ್ನಡ. ನನ್ನನ್ನು ಶಾಲೆಗೆ ಸೇರಿಸಿದ ದಿನ ಹೆಡ್‌ಮಾಸ್ತರು, "ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ?" ಎಂದು ಕೇಳಿದರಂತೆ. ಅಪ್ಪ ಐಸ್ ಫ್ಯಾಕ್ಟರಿಯಲ್ಲಿ ದಿನವಿಡೀ ಬಾಯಿ ಮುಚ್ಚಿಕೊಂಡು ದುಡಿಯುವವನು. ಯಾರೋ ತನ್ನ ಮನೆಯ ಬಗ್ಗೆ ಕೇಳಿದ್ದೇ ಅವನಿಗೆ ಸಂತೋಷವಾಗಿ, ಎದೆಯುಬ್ಬಿಸಿ "ಕನ್ನಡ" ಎಂದನಂತೆ. ಮುಗಿಯಿತಲ್ಲ. ಮನೆಯಲ್ಲಿ ಬೇರೆ ಮಾತಿರುವ ಮಕ್ಕಳೆಲ್ಲ ಕಲಿಯುವವರ ತರಗತಿಗೆ ಕಡ್ಡಾಯವಾಗಿ ಹೋಗಬೇಕು, ವರ್ಷಕ್ಕೊಮ್ಮೆ ಪರೀಕ್ಷೆ ಕೊಡಬೇಕು, ಪಾಸಾಗುವ ತನಕ ಬಿಡುಗಡೆಯಿಲ್ಲ. ಅಪ್ಪನ ಆ ಒಂದು ಮಾತಿನಿಂದ ನಾನು ಶಾಲೆಯ ಹಿಂದಿನ ಕೋಣೆಯ ಬೆಂಚಿಗೆ ಅಂಟಿಕೊಂಡೆ.

ನನಗೆ ಇಂಗ್ಲಿಷು ಬರುತ್ತಿರಲಿಲ್ಲ ಎಂದಲ್ಲ. ಅದೇ ನನ್ನ ಸಂಕಟ. ಏಳನೆಯ ಕ್ಲಾಸಿಗೆ ಬರುವಷ್ಟರಲ್ಲಿ ನಾನು ಲೈಬ್ರರಿಯ ದಪ್ಪ ದಪ್ಪ ಕಾದಂಬರಿಗಳನ್ನು ಮುಗಿಸುತ್ತಿದ್ದೆ, ಇಂಗ್ಲಿಷಿನವರ ಮಕ್ಕಳಿಗೇ ನಿಬಂಧ ಬರೆದುಕೊಡುತ್ತಿದ್ದೆ. ಆದರೆ ಆ ಕೋಣೆಯಲ್ಲಿ ಮಿಸ್ ಪೆಲ್ಹಮ್ ಎಂಬ ಟೀಚರು ಚಮಚದ ಚಿತ್ರ ಎತ್ತಿ ಹಿಡಿದು "ಇದೇನು?" ಎನ್ನುತ್ತಿದ್ದರು. ನಾವೆಲ್ಲ ಒಕ್ಕೊರಲಿನಿಂದ "ಚಮಚ" ಎನ್ನುತ್ತಿದ್ದೆವು. ಮುಂದಿನ ವರ್ಷ ಅದೇ ಚಮಚ ಬರುತ್ತಿತ್ತು. ಟೀಚರು ಒಳ್ಳೆಯವರು, ಒಂದು ದಿನವೂ ಗದರಿದವರಲ್ಲ, ಆ ಮಾತು ಬೇರೆ. ಪರೀಕ್ಷೆಯಲ್ಲಿ ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು ಮೂರರಲ್ಲೂ ನನಗೆ ಪೂರ್ತಿ ಅಂಕ ಬರುತ್ತಿತ್ತು. ನಾಲ್ಕನೆಯದು ಗಾಜಿನ ಮುಂದೆ ಮಾತಾಡುವುದು, ಗಾಜು ಮಂಜಾದರೆ ಪಾಸು. ಚೌಕಟ್ಟು ಹಾಕಿದ ಒಂದು ಗಾಜನ್ನು ಮುಖದೆದುರು ನಿಲ್ಲಿಸಿ ಯಾವುದೋ ಚಿತ್ರ ತೋರಿಸುತ್ತಿದ್ದರು. ನಾನು ಒಂದೂ ತಪ್ಪಿಲ್ಲದೆ ಹೇಳುತ್ತಿದ್ದೆ. ಗಾಜು ಮಾತ್ರ ಹಾಗೇ ಇರುತ್ತಿತ್ತು, ಆಚೆ ಬದಿಯಲ್ಲಿ ಕೂತ ಪರೀಕ್ಷಕರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಇಷ್ಟೇ ಆಗಿದ್ದರೆ ಚಮಚ ಎನ್ನುತ್ತಾ ವರ್ಷ ಕಳೆಯುತ್ತಿದ್ದೆನೋ ಏನೋ. ಆದರೆ ಆ ತರಗತಿ ಇದ್ದದ್ದು ಊಟದ ನಂತರದ ತಾಸಿನಲ್ಲಿ. ಅದೇ ತಾಸಿನಲ್ಲಿ ಒಂಬತ್ತನೆಯ ಕ್ಲಾಸಿನ ಉಳಿದ ಮಕ್ಕಳು ದೋಣಿ ಕಟ್ಟುತ್ತಿದ್ದರು.

ನಮ್ಮೂರ ಅಂಚಿಗೆ ದೊಡ್ಡದೊಂದು ಸರೋವರವಿದೆ, ಅದರ ನಡುಗಡ್ಡೆಯಲ್ಲಿ ದೀಪದ ಕಂಬವಿದೆ. ಪ್ರತಿ ವರ್ಷ ಒಂಬತ್ತನೆಯವರು ಸೇರಿ ಒಂದು ದೋಣಿ ಕಟ್ಟಿ, ವರ್ಷದ ಕೊನೆಯಲ್ಲಿ ತಾವೇ ಹುಟ್ಟು ಹಾಕಿ ದೀಪದ ತನಕ ಹೋಗಿ ಬರುತ್ತಾರೆ. ಕಟ್ಟಿದವರ ಹೆಸರನ್ನು ದೋಣಿಯ ಹಲಗೆಯ ಅಡಿಗೆ ಕೆತ್ತುತ್ತಾರೆ. ಹತ್ತನೆಯವರಿಗೆ ಆ ಅವಕಾಶವಿಲ್ಲ, ಎಂಟನೆಯವರಿಗೂ ಇಲ್ಲ. ದೋಣಿಯ ಶೆಡ್ಡು ನಮ್ಮ ಕೋಣೆಯ ಗೋಡೆಗೇ ಅಂಟಿಕೊಂಡಿತ್ತು. ಆ ಕಡೆ ಹಲಗೆ ಬಡಿಯುವ ಮರದ ಕೊಡತಿಯ ಸದ್ದು, ಈ ಕಡೆ ಚಮಚ. ರಾಳ ಕಾಯಿಸುವ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು. ಗಾಳಿ ಬೀಸಿದ ದಿನ ಸುರುಳಿ ಸುರುಳಿ ಮರದ ಹೊಟ್ಟು ಹಾರಿ ನಮ್ಮ ಹೊಸ್ತಿಲಿಗೆ ಬಂದು ಬೀಳುತ್ತಿತ್ತು, ನಾನು ಅದನ್ನು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅವ್ವ ಬಟ್ಟೆ ಒಗೆಯುವಾಗ ಬೈಯುತ್ತಿದ್ದಳು. ಅಷ್ಟು ಆಸೆ ನನಗೆ ಯಾವುದರ ಮೇಲೂ ಇರಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಕೈಯಲ್ಲಿ ಕೊಡತಿ ಇರುತ್ತಿತ್ತು.

ಮನೆಯಲ್ಲಿ ಗಾಜಿನದು ಬೇರೆಯೇ ಕಥೆ. ನಮ್ಮಾಯಿ, ಅಂದರೆ ಅಪ್ಪನ ತಾಯಿ, ಈ ಊರಿಗೆ ಬಂದಾಗ ಬಾಗಿಲ ಮುಂದೆ ರಂಗೋಲಿ ಹಾಕಿ ನೋಡಿದಳಂತೆ. ಸರೋವರದ ಗಾಳಿಗೆ ಪುಡಿ ಚುಕ್ಕಿಯಾಗುವ ಮುಂಚೆಯೇ ಪಕ್ಕದ ಮನೆ ಸೇರುತ್ತಿತ್ತು. ಅವಳೇನು ಬಿಡುವವಳೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯ ಕಿಟಕಿಯ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು, "ಇವತ್ತ ಏನೇನ್ ಆತು, ಹೇಳು" ಎನ್ನುತ್ತಿದ್ದಳು. ನಾನು ಬೆಳಗಿನಿಂದ ತಡೆದುಕೊಂಡದ್ದನ್ನೆಲ್ಲ ಬಡಬಡ ಹೇಳುತ್ತಿದ್ದೆ. ಗಾಜು ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಆಗ ಆಯಿ ತೋರುಬೆರಳಿನಿಂದ ಚುಕ್ಕಿ ಇಟ್ಟು, ಗೆರೆ ಎಳೆದು, ಕಿಟಕಿಯ ತುಂಬ ಕಮಲ ಬಿಡಿಸುತ್ತಿದ್ದಳು. ಮಾತು ನನ್ನ ಪಾಲಿನ ಕೆಲಸ, ಗೆರೆ ಅವಳ ಪಾಲಿನದು. ಬೀದಿಯಲ್ಲಿ ಹೋಗುವ ಇಂಗ್ಲಿಷಿನವರು ನಿಂತು ನೋಡಿ ಹೋಗುತ್ತಿದ್ದರು. "ಏನ್ ಬಾಯಿ ಅದು, ಒಂದ್ ಕಮಲ ಬಿಡಿಸಿದ್ರ ಸಾಲದಷ್ಟ ಐತಿ" ಎಂದು ಆಯಿ ನನ್ನ ಗಲ್ಲ ಹಿಂಡುತ್ತಿದ್ದಳು.

ಎಂಟನೆಯ ಕ್ಲಾಸಿನ ಪರೀಕ್ಷೆಗೆ ಅವ್ವ ಒಂದು ಉಪಾಯ ಹುಡುಕಿದಳು. ಗಾಜು ಮಂಜಾಗಬೇಕು, ತಾನೇ? ಶುಂಠಿ, ಮೆಣಸು ಜಜ್ಜಿ ಹಾಕಿ ಕುದಿಕುದಿ ಕಷಾಯ ಮಾಡಿ ಫ್ಲಾಸ್ಕಿನಲ್ಲಿ ಕೊಟ್ಟಳು. "ಒಳಗ ಹೋಗೋ ಮುಂದ ಗಟಗಟ ಕುಡದ್ ಬಿಡು, ಉಳದದ್ದ ನಾ ನೋಡ್ಕೊಂತೀನಿ" ಎಂದಳು. ಏನು ನೋಡಿಕೊಳ್ಳುತ್ತಾಳೋ ದೇವರಿಗೇ ಗೊತ್ತು. ನಾಲಗೆ ಸುಟ್ಟುಕೊಂಡು ಕುಡಿದೆ. ಗಾಜಿನ ಮುಂದೆ ಬಾಯಿ ತೆರೆದದ್ದೇ ತಡ, ಅದು ಮಂಜಾಗುವುದಿರಲಿ, ಬೆವೆತು ಹನಿಹನಿಯಾಗಿ ಮೇಜಿನ ಮೇಲೆ ಸುರಿಯಿತು. ಉಣ್ಣೆಯ ಕೈಗವಸು ಹಾಕಿದ್ದ ವಯಸ್ಸಾದ ಪರೀಕ್ಷಕಿ ಮೂಗರಳಿಸಿ "ಶುಂಠಿಯೇ?" ಎಂದರು. ನಾನು ಹೌದೆಂದೆ. ಆ ವರ್ಷವೂ ಫೇಲು. ಅಲ್ಲಿಂದಾಚೆ, ಗಾಜಿನ ಮುಂದೆ ಕೂರುವವರೆಲ್ಲ ಮೊದಲು ಒಂದು ತುಂಡು ಐಸು ಚೀಪಬೇಕು ಎಂದು ನಿಯಮ ಬಂತು. ಆ ಐಸು ಬರುತ್ತಿದ್ದದ್ದು ಅಪ್ಪನ ಫ್ಯಾಕ್ಟರಿಯಿಂದಲೇ. ಅಪ್ಪ ಅದನ್ನು ಹೇಳಿಕೊಂಡು ಎರಡು ದಿನ ನಕ್ಕ, ಅವ್ವ ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ಅದೇ ವರ್ಷ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಇಲ್ಮಾ ಪಾಸಾದಳು. ನಮ್ಮ ಬೀದಿಯವಳೇ, ಅವಳ ಮನೆಯ ಮಾತು ಇನ್ನೊಂದು. ಒಂಬತ್ತನೆಯದು ಶುರುವಾದಾಗ ಅವಳು ಗೋಡೆಯ ಆಚೆ ಹೋದಳು, ನಾನು ಈಚೆ ಉಳಿದೆ. ಒಂದು ಸಂಜೆ ಅವಳ ತಾಯಿ ಮೊಸರಿಗೆ ಹೆಪ್ಪು ಕೇಳಲು ಬಂದವರು ನಮ್ಮ ಕಿಟಕಿಯ ಕಮಲ ನೋಡುತ್ತಾ ನಿಂತುಬಿಟ್ಟರು. "ಇಲ್ಮಾ ಪಾಸಾದ ಮೇಲೆ ನಮ್ಮ ಕಿಟಕಿಯಿಂದ ಬೀದಿ ಚೆನ್ನಾಗಿ ಕಾಣುತ್ತದೆ" ಎಂದು ತಮ್ಮ ಹರಕು ಇಂಗ್ಲಿಷಿನಲ್ಲಿ ಹೇಳಿ, ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡರು. ಇಲ್ಮಾ ಮನೆಯ ಮಾತಾಡಿದರೆ ಈಗ ಗಾಜಿಗೆ ಹತ್ತುತ್ತಿರಲಿಲ್ಲ. ದೊಡ್ಡ ದೊಡ್ಡ ಹೂವಿನ ಪರದೆ ತಂದು ಹಾಕಿದ್ದರು. ನಮ್ಮ ಬೀದಿಯಲ್ಲಿ ಅಂಥ ಪರದೆಯ ಮನೆಗಳು ಬೇಕಾದಷ್ಟಿದ್ದವು. ಪರದೆ ಅಂಗಡಿಯವನು ಫಲಿತಾಂಶದ ವಾರ ಹೊಸ ಸ್ಟಾಕು ತರಿಸುತ್ತಿದ್ದ. ಇಲ್ಮಾಳ ತಾಯಿಯ ಮಾತನ್ನು ಅವ್ವ ಆಯಿಗೆ ಕನ್ನಡದಲ್ಲಿ ಹೇಳಿದಳು. ಆಯಿ ಕಿಟಕಿಯನ್ನು ಒರೆಸಿ ಒಳಗೆ ಹೋದಳು. ನಾನೂ ಕೇಳಿಸಿಕೊಂಡೆ. ಆದರೆ ಗೋಡೆಯಾಚೆಯ ಕೊಡತಿಯ ಸದ್ದು ಕಿವಿಯಲ್ಲಿ ತುಂಬಿಕೊಂಡಿದ್ದವಳಿಗೆ ಇನ್ನೊಬ್ಬರ ಮನೆಯ ಪರದೆ ಎಷ್ಟು ಹೊತ್ತು ನೆನಪಿರುತ್ತದೆ?

ಮರುದಿನದಿಂದ ಆಯಿಯೇ ನನಗೆ ಅಭ್ಯಾಸ ಮಾಡಿಸತೊಡಗಿದಳು. ಅವಳಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಗೋಡೆಯ ಮೇಲಿನ ದೇವರ ಫೋಟೋ ಇಳಿಸಿ ನನ್ನ ಮುಖದೆದುರು ಹಿಡಿದು, "ಮಾತಾಡು" ಎನ್ನುವಳು. ನಾನು ಇಂಗ್ಲಿಷಿನಲ್ಲಿ ಹೊಟ್ಟೆಯೊಳಗಿನಿಂದ ದನಿ ಎತ್ತಿ ರೈಲು ನಿಲ್ದಾಣದ ವರ್ಣನೆ, ಮಾರುಕಟ್ಟೆಯ ವರ್ಣನೆ ಎಲ್ಲ ಒಪ್ಪಿಸುತ್ತಿದ್ದೆ. ದೇವರು ಗಾಜಿನ ಹಿಂದೆ ನಿಚ್ಚಳವಾಗಿ ಕೂತಿರುತ್ತಿದ್ದ.

"ಇನ್ನೊಂದ್ಸಲ," ಎನ್ನುತ್ತಿದ್ದಳು ಆಯಿ.

"ಆಗೂದಿಲ್ಲ ಬಿಡು, ಆಯಿ."

"ಆಗ್ತೈತಿ. ಆ ಚಮಚಾದ ಮಾತ್ ಬಿಡು. ನಿನಗ ಏನ್ ಬೇಕಾಗೈತೋ ಅದನ್ನ ಹೇಳು ಅವರಿಗೆ."

"ಅವರು ಕೇಳಿದ್ದಷ್ಟಽ ಹೇಳಬೇಕು, ಆಯಿ. ಹಂಗ ಐತಿ ರೂಲು."

"ಯಾರ್ ಮಾಡ್ಯಾರೋ ಆ ರೂಲು, ಅವರಿಗೆ ಮೊಮ್ಮಕ್ಕಳಿಲ್ಲ," ಎಂದು ಆಯಿ ದೇವರನ್ನು ಒರೆಸಿ ಮತ್ತೆ ಮೊಳೆಗೆ ತೂಗುಹಾಕಿದಳು.

ಪರೀಕ್ಷೆ ಬಂದದ್ದು ವರ್ಷದ ನಡುವೆ, ಚಳಿ ಬಿಗಿದ ಒಂದು ಮಧ್ಯಾಹ್ನ. ಈ ಸಲ ಪಾಸಾದರೆ ಅರ್ಧ ದೋಣಿಯಾದರೂ ನನ್ನದು. ಆಗದಿದ್ದರೆ ದೋಣಿ ಎನ್ನುವುದು ನನ್ನ ಪಾಲಿಗೆ ಇನ್ನಿಲ್ಲ. ನಮ್ಮ ಕೋಣೆಯಲ್ಲೇ ಗಾಜು ಇಟ್ಟಿದ್ದರು. ಅದೇ ಕೈಗವಸಿನ ಪರೀಕ್ಷಕಿ. ಅಪ್ಪನ ಫ್ಯಾಕ್ಟರಿಯ ಐಸು ಚೀಪಿ, ಹಲ್ಲು ಕಟಕಟ ಎನ್ನುತ್ತಾ ಕೂತೆ. ಅವರು ಒಂದು ಚಿತ್ರ ಇಟ್ಟರು. ಒಬ್ಬ ಹೆಂಗಸು, ಒಲೆ, ಒಂದು ಬೆಕ್ಕು.

"ಏನು ಕಾಣುತ್ತದೆ, ಹೇಳಮ್ಮ," ಎಂದರು. ಇದೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು, ನಿಮಗೆ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಒಬ್ಬ ಹೆಂಗಸು ಅಡುಗೆ ಮಾಡುತ್ತಿದ್ದಾಳೆ ಎಂದೆ. ಬೆಕ್ಕು ಮಲಗಿದೆ ಎಂದೆ. ಗಾಜಿನಲ್ಲಿ ಅವರ ಗಲ್ಲದ ಮಚ್ಚೆ ಕೂಡ ಕಾಣುತ್ತಿತ್ತು. ಅಷ್ಟರಲ್ಲಿ ಗೋಡೆಯಾಚೆ ಕೊಡತಿಯ ಸದ್ದು ನಿಂತಿತು. ಯಾರೋ ಎಣಿಸಿದರು, ಎಲ್ಲರೂ ಒಟ್ಟಿಗೆ ಏದುಸಿರು ಬಿಟ್ಟರು, ಏನೋ ಭಾರವಾದದ್ದು ಕಿರ್ರೆಂದಿತು. ಬೋರಲು ಇಟ್ಟು ಕಟ್ಟಿದ್ದ ದೋಣಿಯನ್ನು ಎತ್ತಿ ಮಗುಚುತ್ತಿದ್ದಾರೆ. ಆ ಒಂದು ಕೆಲಸಕ್ಕೆ ಇಡೀ ತರಗತಿಯ ಕೈ ಬೇಕು ಎಂದು ಇಲ್ಮಾ ಹೇಳಿದ್ದಳು.

"ಅವರು ದೋಣಿ ಮಗುಚುತ್ತಿದ್ದಾರೆ," ಎಂದೆ ನಾನು.

"ಚಿತ್ರ ನೋಡಿ ಹೇಳು," ಎಂದರು ಪರೀಕ್ಷಕಿ.

"ಎಲ್ಲರ ಕೈಯೂ ಅದಕ್ಕೆ ಹತ್ತಿದೆ. ನನ್ನದೊಂದೇ ಇಲ್ಲ. ನಾನು ಇಲ್ಲಿ ಕೂತು ಬೆಕ್ಕು ಮಲಗಿದೆ ಅನ್ನುತ್ತಿದ್ದೇನೆ. ಆ ಹಲಗೆ ಕೊಯ್ದದ್ದು ನಾನು ಕೇಳಿಸಿಕೊಂಡಿದ್ದೇನೆ, ಉಜ್ಜಿದ್ದು ಕೇಳಿಸಿಕೊಂಡಿದ್ದೇನೆ, ಹೊಡೆದ ಒಂದೊಂದು ಮೊಳೆಯನ್ನೂ ಈ ಗೋಡೆಯಿಂದ ಕೇಳಿಸಿಕೊಂಡಿದ್ದೇನೆ. ನಿಮ್ಮ ಎಲ್ಲ ಪುಸ್ತಕವನ್ನೂ ನಾನು ಓದಿದ್ದೇನೆ. ಇನ್ನೇನು ಬೇಕು ನಿಮಗೆ? ನನಗೆ ಆ ದೋಣಿ ಬೇಕು. ಒಂದು ಸಲ, ಒಂದೇ ಸಲ, ಅದಕ್ಕೆ ಕೈ ಹಚ್ಚಬೇಕು ನನಗೆ."

ಹೇಳಿ ಮುಗಿಸಿದಾಗ ಪರೀಕ್ಷಕಿ ಕಾಣುತ್ತಿರಲಿಲ್ಲ. ಗಾಜು ಪೂರ್ತಿ ಬೆಳ್ಳಗಾಗಿತ್ತು. ಅವರು ಕೈಗವಸಿನಿಂದ ಒರೆಸಿ, "ಇನ್ನೊಮ್ಮೆ ಹೇಳು" ಎಂದರು. ಹೇಳಿದೆ. ಮತ್ತೆ ಬೆಳ್ಳಗಾಯಿತು. ಆಗಲೇ ನನಗೆ ಹೊಳೆದದ್ದು, ಆ ಮಾತನ್ನು ನಾನು ಮೊದಲು ಕನ್ನಡದಲ್ಲಿ ಜೋಡಿಸಿಕೊಂಡಿರಲಿಲ್ಲ. ಅದು ಇಂಗ್ಲಿಷಿನಲ್ಲೇ ಹುಟ್ಟಿ ಬಂದಿತ್ತು.

ನಾನು ಪಾಸಾದೆ. ಅವತ್ತು ಸಂಜೆ ಆಯಿ ಸಿಹಿಗೆಂದು ಮಾದಲಿ ಮಾಡಿ, ಮೇಲೆ ತುಪ್ಪ ಹಾಕಿ ಬಡಿಸಿದಳು. ಅಪ್ಪ ಫ್ಯಾಕ್ಟರಿಯವರಿಗೆಲ್ಲ ಹೇಳಿ ಬಂದ. ಮರುದಿನ ಊಟದ ನಂತರದ ತಾಸಿನಲ್ಲಿ ನಾನು ಗೋಡೆಯಾಚೆ ಹೋದೆ. ದೋಣಿ ಕಟ್ಟಿಸುವ ಕೋಲ್ಮನ್ ಮಾಸ್ತರು ಏನೂ ಕೇಳದೆ ನನ್ನ ಕೈಗೆ ಕೊಡತಿ ಕೊಟ್ಟರು. ಅದು ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಮೊದಲ ದಿನವೇ ಹೆಬ್ಬೆರಳು ಜಜ್ಜಿಕೊಂಡೆ, ಇಲ್ಮಾ ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ. ಅಷ್ಟು ಸುಖ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಸುಳ್ಳೇಕೆ ಹೇಳಲಿ. ಸಂದುಗಳಿಗೆ ಹತ್ತಿ ತುಂಬಿದೆವು, ರಾಳ ಬಳಿದೆವು. ಹಲಗೆಯ ಅಡಿಗೆ ಅಂಗಾತ ಮಲಗಿ ನೀಲಗಂಗಾ ಎಂದು ನನ್ನ ಪೂರ್ತಿ ಹೆಸರು ಕೆತ್ತಿದೆ. ಮನೆಗೆ ಬರುವಾಗ ತಡವಾಗುತ್ತಿತ್ತು. ಆಯಿ ಕಿಟಕಿಯ ಹತ್ತಿರ ಕಾಯುತ್ತಿರುತ್ತಿದ್ದಳು. ನಾನು ದೋಣಿಯದೇ ಮಾತಾಡುತ್ತಿದ್ದೆ, ಅವಳು ನಡುನಡುವೆ ಏನೋ ಕೇಳುತ್ತಾ ಗೆರೆ ಎಳೆಯುತ್ತಿದ್ದಳು. ಕಿಟಕಿ ತುಂಬ ಇರುತ್ತಿದ್ದ ಕಮಲ ಚಿಕ್ಕದಾಯಿತು. ಆಮೇಲೆ ಬರೀ ನಕ್ಷತ್ರವಾಯಿತು. ಆಮೇಲೆ ಮೂಲೆಯಲ್ಲಿ ನಾಲ್ಕು ಚುಕ್ಕಿ. ಆಯಿಗೆ ವಯಸ್ಸಾಯಿತು, ಕೈ ಸೋಲುತ್ತಿದೆ ಎಂದುಕೊಂಡೆ.

ದೋಣಿ ನೀರಿಗಿಳಿದ ದಿನ ಊರೆಲ್ಲ ದಂಡೆಗೆ ಬಂದಿತ್ತು. ನಾವು ದೀಪದ ತನಕ ಹೋಗಿ, ಸುತ್ತು ಹಾಕಿ ಬಂದೆವು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅಷ್ಟನ್ನೂ ಆಯಿಗೆ ಹೇಳಬೇಕೆಂದು ನಾನು ದಂಡೆಯಿಂದ ಮನೆಯ ತನಕ ಓಡಿದೆ. ಅವಳು ಮೊಣಕಾಲು ನೋವೆಂದು ದಂಡೆಗೆ ಬಂದಿರಲಿಲ್ಲ. ಕಿಟಕಿಯ ಹತ್ತಿರ ನಿಂತಿದ್ದಳು. ಗಾಜು ಒರೆಸಿ ಸ್ವಚ್ಛ ಮಾಡಿ ಇಟ್ಟಿದ್ದಳು.

"ಇವತ್ತ ಎಲ್ಲಾ ನೀನಽ ಹೇಳು. ನಾ ನಡುವ ಬಾಯಿ ಹಾಕೂದಿಲ್ಲ," ಎಂದಳು. ಬೆರಳು ಎತ್ತಿ ಗಾಜಿನ ಹತ್ತಿರ ಹಿಡಿದಳು.

ನಾನು ಹೇಳಿದೆ. ದೋಣಿ ನೀರಿಗೆ ಬಿದ್ದಾಗ ಒಮ್ಮೆ ವಾಲಿದ್ದು, ನಡುನೀರಿನಲ್ಲಿ ಗಾಳಿ ತಿರುಗಿದ್ದು, ದೀಪ ಕಾಯುವವನು ಟೋಪಿ ತೆಗೆದು ಬೀಸಿದ್ದು. ಒಂದನ್ನೂ ಬಿಡದೆ ಹೇಳಿದೆ. ಆಯಿಯ ಬೆರಳು ಎತ್ತಿದಲ್ಲೇ ಇತ್ತು. ಗಾಜಿನಾಚೆ ಬೀದಿ ಕಾಣುತ್ತಿತ್ತು. ಎದುರು ಮನೆಯ ಮೆಟ್ಟಿಲ ಮೇಲೆ ನಾಯಿಯೊಂದು ಕಿವಿ ಕೆರೆದುಕೊಳ್ಳುತ್ತಿತ್ತು, ಅದರ ಕೊರಳ ಪಟ್ಟಿಯ ಬಣ್ಣ ಕೂಡ ಕಾಣುತ್ತಿತ್ತು.

ನಾನು ಗಾಜು ಮುಟ್ಟಿ ನೋಡಿದೆ. ಒಣಗಿತ್ತು.

"ಯಾವಾಗಿಂದ, ಆಯಿ?"

"ನೀ ಪಾಸಾದ ದಿನದಿಂದಽ."

"ಮತ್ತ ದಿನಾ ಬರೀತಿದ್ದೆಲ್ಲ?"

"ಅದು ನನ್ನ ಉಸಿರವ್ವಾ. ನಾ ನಡುನಡುವ ಮಾತಾಡ್ತಿದ್ದೆನಲ್ಲ, ಅಷ್ಟರಾಗ ಎಷ್ಟ ಆಗ್ತಿತ್ತೋ ಅಷ್ಟು. ಬರಬರತಾ ನಡುವ ಬಾಯಿ ಹಾಕಾಕ ನೀ ಬಿಡ್ಲಿಲ್ಲ."

"ನಿನಗ ಹಿಂಗಾಗ್ತೈತಿ ಅಂತ ಮೊದಲಽ ಗೊತ್ತಿತ್ತು. ಇಲ್ಮಾನ ತಾಯಿ ಬಂದಾಗಿಂದ ಗೊತ್ತಿತ್ತು. ಮತ್ಯಾಕ ದೇವರ ಫೋಟೋ ಹಿಡಕೊಂಡ ಕುಂತಿ?"

ಆಯಿ ಬೆರಳು ಇಳಿಸಿದಳು. "ದಿನಾ ಕಿಸೇದಾಗ ಕಟ್ಟಿಗಿ ಹೊಟ್ಟು ತುಂಬ್ಕೊಂಡ ಬರ್ತಿದ್ದೆಲ್ಲವ್ವಾ. ನೋಡಾಕ ಆಗ್ಲಿಲ್ಲ ನನಗ."

ಅಷ್ಟು ಹೊತ್ತಿಗೆ ಅವ್ವ ಒಳಗಿನಿಂದ ಬಂದಳು. ಅವಳ ತೋಳಿನ ಮೇಲೆ ಹೂವಿನ ಪರದೆ ಇತ್ತು. ಫಲಿತಾಂಶದ ವಾರವೇ ತಂದು ಟ್ರಂಕಿನಲ್ಲಿ ಮಡಿಸಿಟ್ಟಿದ್ದಳಂತೆ. ನನಗೆ ಅಳು ತಡೆಯಲಾಗಲಿಲ್ಲ. ದೋಣಿ ಬೇಕಿತ್ತು ನನಗೆ, ಅದು ಸಿಕ್ಕಿತು, ಅದನ್ನು ಈಗಲೂ ಬೇಡ ಎನ್ನಲಾರೆ. ಆದರೆ ಈ ಕಿಟಕಿಯೂ ಬೇಕು. ಗೋಡೆಯಾಚೆ ಕೊಡತಿ ಕೇಳುತ್ತಾ ಕೂತಿದ್ದಾಗ ಎದೆಯಲ್ಲಿ ಏನು ಹಿಂಡುತ್ತಿತ್ತೋ ಅದೇ ಈಗ ನಮ್ಮ ಮನೆಯ ಅಡುಗೆಮನೆಯಲ್ಲಿ, ಆಯಿಯ ಪಕ್ಕದಲ್ಲೇ ನಿಂತು ಹಿಂಡುತ್ತಿತ್ತು.

"ಪರದಿ ಬ್ಯಾಡ," ಎಂದಳು ಆಯಿ ಅವ್ವನಿಗೆ. "ಟ್ರಂಕಿನಾಗ ಇಡು." ಆಮೇಲೆ ನನ್ನ ಕಡೆ ತಿರುಗಿದಳು. "ಅಳೂದ್ ಸಾಕು. ಇಲ್ಲಿ ಬಾ. ಇನ್ನ ನಾ ಮಾತಾಡ್ತೀನಿ, ನೀ ಗೆರಿ ಹೊಡಿ."

"ನನಗ ಬರೂದಿಲ್ಲ, ಆಯಿ." ನಿಜವಾಗಿಯೂ ಬರುತ್ತಿರಲಿಲ್ಲ. ನಾನು ಯಾವತ್ತೂ ಮಾತಿನವಳಾಗಿದ್ದೆ.

"ಗೊತ್ತೈತಿ. ದೋಣಿ ಬರ್ತಿತ್ತೇನ ನಿನಗ ಮೊದಲ?" ಎಂದು ನನ್ನನ್ನು ಗಾಜಿನ ಮುಂದೆ ನಿಲ್ಲಿಸಿ, ಹಿಂದಿನಿಂದ ನನ್ನ ಹೆಗಲ ಮೇಲೆ ಗಲ್ಲವಿಟ್ಟು ಶುರುಮಾಡಿದಳು. "ನನ್ನ ಮದಿವಿ ಮಾಡ್ಕೊಂಡ ಕರಕೊಂಡ ಬರೋ ಮುಂದ ಹೊಳಿ ತುಂಬಿ ಬಂದಿತ್ತು. ಹರಗೋಲದಾಗ ಕುಂದರಿಸಿದ್ರು ನಮ್ಮನ್ನ. ಬುಟ್ಟಿ ಹಂಗ ಇರ್ತೈತಿ ಅದು, ದುಂಡಗ, ನಡುನೀರಾಗ ಗರಗರ ತಿರಗ್ತೈತಿ. ನಿಮ್ಮಜ್ಜ ಅಷ್ಟ ದೊಡ್ಡ ಪೈಲ್ವಾನ, ಕಣ್ ಮುಚ್ಚಿ ನನ್ನ ಸೆರಗ ಗಟ್ಟ್ಯಾಗಿ ಹಿಡ್ಕೊಂಡ ಕುಂತಿದ್ದ. ನಾ ಮುಖಾ ಎತ್ತಿ ನೋಡಿದ್ದಽ ಇಲ್ಲ ಅವನ್ನ ಅಲ್ಲೀತನಕ. ಅವಾಗ ನೋಡಿದೆ."

ಈ ಕಥೆ ನಾನು ಕೇಳಿರಲೇ ಇಲ್ಲ. ಇಷ್ಟು ವರ್ಷ ಕಿಟಕಿಯ ಹತ್ತಿರ ನಾನೇ ಮಾತಾಡಿದ್ದೆ, ಅವಳನ್ನು ಯಾರು ಕೇಳಿದ್ದರು? ಗಾಜು ಅಂಚಿನಿಂದ ನಡುವಿಗೆ ಬೆಳ್ಳಗಾಗುತ್ತಾ ಬಂತು. ಬೀದಿ ಮಾಯವಾಯಿತು, ನಾಯಿಯೂ ಮಾಯವಾಯಿತು. ನಾನು ಬೊಬ್ಬೆಯೊಡೆದ ಕೈ ಎತ್ತಿ ಒಂದು ಚುಕ್ಕಿ ಇಟ್ಟೆ.

"ಅಲ್ಲಲ್ಲ, ಅದರ ಬಾಜೂಕ. ಹಾಂ. ಇನ್ನೊಂದು. ಸೊಟ್ಟ ಆತು, ಒರಸು."

"ಪರೀಕ್ಷಾ ಇರ್ತೈತೇನ ಆಯಿ ಇದಕ್ಕ?" ಎಂದೆ, ಮೂಗೊರೆಸಿಕೊಳ್ಳುತ್ತಾ.

"ದಿನಾ ಇರ್ತೈತಿ," ಎಂದಳು ಆಯಿ. "ನಾಳಿಂದ ಊಟ ಆದಮ್ಯಾಲಿನ ತಾಸು. ತಪ್ಪಿಸಿದಿ ಅಂದ್ರ ನೋಡು."

ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಸೊಟ್ಟ ಚುಕ್ಕಿಯನ್ನು ಒರೆಸಿದೆ. ಆಯಿ ಮತ್ತೆ ಹೊಳೆಯ ಮಾತು ತೆಗೆದಳು, ಗಾಜು ಮಂಜಾಗುವ ತನಕ ನಾನು ಬೆರಳೆತ್ತಿ ಕಾದೆ.